ಕುಳಿತ ಹೆಣ

೧೯೭೧ರ ಡಿಸೆಂಬರ್ ಎಂಟು, ಬೆಳಿಗ್ಗೆ ಏಳು ಗಂಟೆ. ರೈಲ್ವೆ ಗುಮಾಸ್ತ ದತ್ತಾತ್ರೇಯ ಮಲ್ಕಾಜ್‌ಗಿರಿ ಠಾಣೆಗೆ ಬಂದು ದೂರು ಕೊಟ್ಟ: ತಂದೆ ಹನುಮಂತರಾಯರ ಕೊಲೆಯಾಗಿದೆ, ನೆರೆಮನೆಯ ಕರೀಮನ ಮೇಲೆ ಅನುಮಾನ. ಪಾಕಿಸ್ತಾನದೊಂದಿಗೆ ಯುದ್ಧ ಶುರುವಾದಾಗಿನಿಂದ ರಾಯರು ಕರೀಮನನ್ನು ಬೇಹುಗಾರನೆಂದು ಓಣಿಯಲ್ಲೆಲ್ಲ ಸಾರುತ್ತಿದ್ದರು. ಎಫ್‌ಐಆರ್ ಬರೆಯುವಷ್ಟರಲ್ಲಿ ಕರೀಮನ ಬಾಗಿಲಲ್ಲಿ ಬಡಿಗೆ ಹಿಡಿದ ಜನ. ಇನ್‌ಸ್ಪೆಕ್ಟರ್ ವಾಸುದೇವರಾವ್ ಅವನ ಜೀವ ಉಳಿಯಲೆಂದೇ ಲಾಕಪ್ಪಿಗೆ ಹಾಕಿದರು.

ಪಂಚನಾಮೆಗೆ ಬಂದ ಮಹಿಳಾ ಕಾನ್‌ಸ್ಟೇಬಲ್ ಶಿವದೇವಿ ಹಿತ್ತಲಲ್ಲಿ ನಿಂತುಬಿಟ್ಟಳು. ತಲೆಗೆ ರುಬ್ಬುಗುಂಡಿನ ಪೆಟ್ಟು. ಹೆಣ ಮಾತ್ರ ಗೋಡೆಗೊರಗಿ, ಕಾಲು ಮಡಚಿ ಕುಳಿತಿತ್ತು. ಹಣೆಯ ಮೇಲೆ ಹೊಸದಾಗಿ ಎಳೆದ ವಿಭೂತಿಯ ಮೂರು ಗೆರೆ.

"ಹಿಂಗ ಕುಂದರಿಸಿದವರು ನೀವೇನ್ರಿ?"

"ನಾವು ಮುಟ್ಟೇ ಇಲ್ಲ. ನಮ್ಮಲ್ಲಿ ಮಲಗಸ್ತಾರ್ರಿ," ಎಂದ ದತ್ತಾತ್ರೇಯ.

ಸತ್ತವರನ್ನು ಕೂರಿಸಿ, ಕುಳಿತಂತೆಯೇ ಮಣ್ಣಿಗಿಡುವವರು ಲಿಂಗಾಯತರು. ಶಿವದೇವಿ ತನ್ನ ಅಪ್ಪನನ್ನು ಹಾಗೆ ನೋಡಿದ್ದಳು. ಆ ಓಣಿಯಲ್ಲಿ ಲಿಂಗಾಯತರ ಮನೆ ಒಂದೇ, ರೊಟ್ಟಿ ಬಡಿದು ಮಾರುವ ವಿಧವೆ ಗುರುಬಾಯಿಯದು. ಸುಮ್ಮನಿದ್ದರೆ ತನ್ನವಳು ಉಳಿಯುತ್ತಾಳೆ, ಕರೀಮ ಹೋಗುತ್ತಾನೆ. ಶಿವದೇವಿ ಇನ್‌ಸ್ಪೆಕ್ಟರಿಗೆ ಹೇಳಿದಳು.

ಕರೀಮ ಲಾಕಪ್ಪಿನಲ್ಲಿದ್ದಾನೆಂದು ಮನೆಗೆ ಬಂದ ಶಿವದೇವಿಯಿಂದ ಕೇಳಿದ್ದೇ ಗುರುಬಾಯಿ ಹಂಚಿನ ಮೇಲಿನ ರೊಟ್ಟಿ ಇಳಿಸಿ ಕೈತೊಳೆದಳು.

"ನಾ ಹೊಡದೀನ್ರಿ. ಮೊದಲ ಅವನ್ನ ಬಿಡ್ರಿ."

"ಹೆಣ ಯಾಕ ಕುಂದರಿಸಿದಿ, ಅಕ್ಕಾ?" ಶಿವದೇವಿ ಕೇಳಿದಳು.

"ನೆಲಕ್ಕ ಬಿದ್ದಿದ್ದ. ನೋಡಲಾಗಲಿಲ್ಲ, ತಂಗಿ. ನನ್ನ ಗಂಡಗ ಅಷ್ಟೂ ಸಿಗಲಿಲ್ಲ."

ನಲವತ್ತೆಂಟರಲ್ಲಿ ನಿಜಾಮನ ಪರ ನಿಂತ ರಜಾಕಾರರು ರಾಯರ ತಮ್ಮನನ್ನು ಕೊಂದಿದ್ದರು. ಅವರಿಗೆ ಸುಳಿವು ಕೊಟ್ಟವನೆಂದು ರಾಯರು ಗುಂಪು ಕಟ್ಟಿಕೊಂಡು ಬಂದು, ಗುರುಬಾಯಿಯ ಗಂಡನನ್ನು ಗುಡಿಸಲಿನೊಳಗೇ ಸುಟ್ಟರು. ವರ್ಷಗಳ ನಂತರ ಈ ಓಣಿಯಲ್ಲಿ ರಾಯರ ಗುರುತು ಸಿಕ್ಕರೂ ಅವಳು ಸುಮ್ಮನಿದ್ದಳು. ಈಗ ಅದೇ ಬಾಯಿಂದ ಕರೀಮನ ಮೇಲೆ ಮತ್ತೆ ಅದೇ ಮಾತು. ಹಿಂದಿನ ರಾತ್ರಿ ಬೇಡವೆಂದು ಹೇಳಲು ರಾಯರ ಹಿತ್ತಲಿಗೆ ಹೋದಳು. ರಾಯರು ನಕ್ಕು, ಹಿಂದೆ ಒಬ್ಬನನ್ನು ಹೀಗೇ ಮುಗಿಸಿದ್ದೇನೆ, ಇವನ ಮನೆ ನಾಳೆ ಎಂದರು. ರುಬ್ಬುಗುಂಡು ಅಲ್ಲೇ ಇತ್ತು.

ಗುರುಬಾಯಿಯ ಕೈಗೆ ಬೇಡಿ ಹಾಕಲಿಲ್ಲ. ತಲೆ ತಗ್ಗಿಸದೆ ನಡೆದಳು; ಪಕ್ಕದಲ್ಲಿ ಶಿವದೇವಿಯೂ ಹಾಗೆಯೇ.

"ನಿನ್ನ ವಂಶಾನೇ ಬಿಡೂದಿಲ್ಲ," ದತ್ತಾತ್ರೇಯ ಅಡ್ಡಬಂದ.

"ಅಂದು ಹೊಟ್ಟ್ಯಾಗಿದ್ದದ್ದೂ ಹೋತಪ್ಪ. ನನಗ ವಂಶ ಇಲ್ಲ. ಇಲ್ಲಿಗೇ ಮುಗಿಸು."

ಅವನು ದಾರಿ ಬಿಟ್ಟ. ಜನ ಬಡಿಗೆಗಳನ್ನು ಬೆನ್ನ ಹಿಂದೆ ಸರಿಸಿದರು.

ಕೊಲೆಗೆ ಕಾರಣ ಹಳೆಯ ದ್ವೇಷ ಎಂದು ವಾಸುದೇವರಾವ್ ಬರೆದರು. ದ್ವೇಷವನ್ನು ಆಕೆ ಎಷ್ಟೋ ವರ್ಷ ನುಂಗಿಕೊಂಡಿದ್ದಳು. ಕೈ ಎತ್ತಿದ್ದು ಇನ್ನೊಂದು ಮನೆ ಸುಡಬಾರದೆಂದು. ಶಿವದೇವಿ ಲಾಕಪ್ಪಿನ ಬಾಗಿಲು ತೆರೆದು, "ಮನೀಗೆ ನಡೀರಿ, ಕರೀಮ್ ಭಾಯ್" ಎಂದಳು.