ತಾನಾಗಿ ತುಂಬಿದ ಬ್ಯಾಟರಿ

ಮದುವೆಯ ದಿನ ಲೈಲ್ ಹ್ರುಸ್ಕಾ ತನ್ನ ಹೆಂಡತಿ ವರ್ನಾಳಿಗೆ ಒಂದು ಮಾತು ಕೊಟ್ಟಿದ್ದ: ಅವಳಿಗೆ ಎಪ್ಪತ್ತು ತುಂಬುವ ದಿನದೊಳಗೆ ಸಮುದ್ರ ತೋರಿಸುತ್ತೇನೆ ಎಂದು. ನೆಬ್ರಾಸ್ಕದ ಮೆಕ್ಕೆಜೋಳದ ಹೊಲಗಳ ನಡುವೆ ನಲವತ್ತೆಂಟು ವರ್ಷ ಅದಕ್ಕೆ ಪುರುಸೊತ್ತಾಗಲಿಲ್ಲ. ಕೊನೆಗೆ ಆ ದಿನವೇ ಬಂತು. ಬೆಳಿಗ್ಗೆ ಇಬ್ಬರೂ ಅರಿಜೋನದಲ್ಲಿ ಮನೆಯಂಥ ಬಸ್ಸುಗಳು ತಂಗುವ ನಮ್ಮ ಮೋಟಾರ್‌ಹೋಮ್ ಪಾರ್ಕಿನಲ್ಲಿ ಓಪಲ್ ಡ್ರಮಂಡಳ ಬಾಗಿಲು ಬಡಿಯುತ್ತಿದ್ದರು. ಸಮುದ್ರ ಇನ್ನೂ ನಾಲ್ಕು ಗಂಟೆಯ ದಾರಿ.

ಓಪಲ್ ಮೂವತ್ತು ವರ್ಷ ಶಾಲಾ ಬಸ್ಸುಗಳನ್ನು ರಿಪೇರಿ ಮಾಡಿದವಳು. ಪಾರ್ಕಿನಲ್ಲಿ ಏನೇ ಕಳೆದರೂ ಜನ ಮೊದಲು ಓಡಿಬರುವುದು ಅವಳ ಹತ್ತಿರ. ಅವಳ ಪಕ್ಕದ ಜಾಗ ನನ್ನದು. ಹಾಗಾಗಿ ಟಾರ್ಚು ಹಿಡಿಯುವ ಕೆಲಸವೂ ನನ್ನದೇ.

“ನಮ್ಮ ಡಾಲಿ ಕಳುವಾಗಿದೆ!” ಎಂದ ಲೈಲ್. ಕಾರಿನ ಮುಂಚಕ್ರಗಳನ್ನು ಎತ್ತಿ ಕೂರಿಸಿ, ಮೋಟಾರ್‌ಹೋಮಿನ ಹಿಂದೆ ಎಳೆದೊಯ್ಯುವ ಎರಡು ಗಾಲಿಯ ಗಾಡಿ ಅದು. “ಟ್ಯಾಂಕಿಂದ ಆರು ಗ್ಯಾಲನ್ ಡೀಸೆಲ್ಲೂ ಹೋಗಿದೆ. ಪಕ್ಕದ ವೆಂಡೆಲ್‌ದೇ ಕೆಲಸ, ಅವನ ಜನರೇಟರ್ ಎಷ್ಟು ಕುಡಿಯುತ್ತೆ ನೋಡಿದ್ದೀನಿ. ಡಾಲಿ ಸಿಗೋವರೆಗೂ ನಾನಿಲ್ಲಿಂದ ಕದಲಲ್ಲ!”

“ಹಾಗಾದ್ರೆ ನನ್ನ ಸಮುದ್ರ?” ಎಂದಳು ವರ್ನಾ.

ಲೈಲ್ ತನ್ನ ಬೂಟು ನೋಡಿಕೊಂಡ.

“ಇನ್ನೊಂದು ವಿಚಿತ್ರ, ಓಪಲ್,” ಎಂದಳು ವರ್ನಾ. “ನಮ್ಮದು ಎಲೆಕ್ಟ್ರಿಕ್ ಕಾರು. ನಿನ್ನೆ ಟೂಸಾನ್ ಊರು ಬಿಡೋ ಮುಂಚೆ ಬ್ಯಾಟರಿ ಹದಿನೈದು ಪರ್ಸೆಂಟ್ ಇತ್ತು. ಈಗ ತೊಂಬತ್ತೆರಡು! ನಾವು ಚಾರ್ಜಿಗೆ ಹಾಕೇ ಇಲ್ಲ.”

“ಡೀಸೆಲ್ ಕದ್ದು ಕರೆಂಟ್ ತುಂಬಿ ಹೋಗೋ ಕಳ್ಳ. ನಮ್ಮ ಪಾರ್ಕಿಗೆ ಇಂಥವರೇ ಬೇಕಿತ್ತು,” ಎಂದೆ ನಾನು.

ಓಪಲ್ ನಗಲಿಲ್ಲ. “ಹೊರಡೋ ಮುಂಚೆ ಒಂದು ಸುತ್ತು ಬಂದು ಎಲ್ಲಾ ಸರಿಯಾಗಿದೆಯಾ ಅಂತ ನೋಡೋರು ಯಾರು?”

“ಯಾವಾಗ್ಲೂ ನಾನೇ,” ಎಂದಳು ವರ್ನಾ. “ನಿನ್ನೆ ಹಲ್ಲುನೋವಿನ ಮಾತ್ರೆ ನುಂಗಿ ಮಲಗಿಬಿಟ್ಟೆ. ಎದ್ದಾಗ ಇಲ್ಲಿದ್ವಿ, ಕಾರು ಬಿಚ್ಚಿ ಪಕ್ಕದಲ್ಲಿ ನಿಲ್ಲಿಸಾಗಿತ್ತು.”

ಓಪಲ್ ಅವರ ಜಾಗದ ಕರೆಂಟ್ ಮೀಟರ್ ನೋಡಿದಳು. ಕಾರು ತುಂಬುವಷ್ಟು ಅದು ಓಡಿರಲಿಲ್ಲ. ಆಮೇಲೆ ನೆಲಕ್ಕೆ ಬಗ್ಗಿ ಕಾರಿನ ಟೈರುಗಳನ್ನು ಒಂದೊಂದಾಗಿ ಸವರಿದಳು. ಟೂಸಾನಿನಿಂದ ಬರುವ ಹೆದ್ದಾರಿಯಲ್ಲಿ ಹೊಸದಾಗಿ ಹಾಕುತ್ತಿದ್ದ ಡಾಂಬರು, ಜಲ್ಲಿಯ ಸಮೇತ, ನಾಲ್ಕಕ್ಕೂ ಮೆತ್ತಿತ್ತು. ಕೊನೆಗೆ ಮುಂದಿನ ಮುಚ್ಚಳ ಎತ್ತಿ ಮೋಟಾರಿನ ಹತ್ತಿರ ಮೂಸಿದಳು. ನನಗೆ ಏನೂ ಹೊಳೆಯಲಿಲ್ಲ.

ಹತ್ತು ಗಂಟೆಗೆ ಎಲ್ಲರನ್ನೂ ವೆಂಡೆಲ್‌ನ ಮೇಜಿನ ಸುತ್ತ ಕೂರಿಸಿದಳು. ವೆಂಡೆಲ್ ಪ್ಯಾನ್‌ಕೇಕ್ ಹುಯ್ದು ಲೈಲ್ ಒಬ್ಬನನ್ನು ಬಿಟ್ಟು ಎಲ್ಲರಿಗೂ ಬಡಿಸಿದ.

“ಡಾಲಿ ಮೇಲೆ ಕೂತ ಮುಂಚಕ್ರ ರಸ್ತೆ ಮುಟ್ಟಲ್ಲ,” ಎಂದಳು ಓಪಲ್. “ಆದ್ರೆ ಡಾಂಬರು ನಾಲ್ಕೂ ಟೈರಲ್ಲಿದೆ. ಅಂದ್ರೆ ಕಾರು ಬಂದಿದ್ದು ನಾಲ್ಕೂ ಚಕ್ರ ನೆಲದ ಮೇಲೆ. ಈ ಕಾರಲ್ಲಿ ಮುಂಚಕ್ರ ತಿರುಗಿದ್ರೆ ಮೋಟಾರೂ ತಿರುಗುತ್ತೆ, ಕರೆಂಟ್ ಹುಟ್ಟಿ ಬ್ಯಾಟರಿ ಸೇರುತ್ತೆ. ಆ ಹೆಚ್ಚಿನ ಭಾರ ಎಳೆದಿದ್ದು ಮೋಟಾರ್‌ಹೋಮಿನ ಇಂಜಿನ್. ಡೀಸೆಲ್ ಯಾರೂ ಕದ್ದಿಲ್ಲ ಲೈಲ್, ನಿನ್ನ ಕಾರೇ ಕುಡಿದಿದೆ. ಡಾಲಿ ಇಲ್ಲಿಗೆ ಬಂದೇ ಇಲ್ಲ.”

ಲೈಲ್ ತನ್ನ ಖಾಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. “ಟೂಸಾನಲ್ಲೇ ಇದೆ. ಅದಕ್ಕೆ ಕಾರು ಕಟ್ಟೋಕೆ ಅರ್ಧ ಗಂಟೆ ಮಂಡಿಯೂರಬೇಕು. ಊರಿದ್ರೆ ಏಳೋಕಾಗಲ್ಲ. ಅದಕ್ಕೇ ಎಳೆಯೋ ಹಳೇ ಕಂಬಿಯಲ್ಲಿ ಕಾರನ್ನ ನೇರ ಗಾಡಿ ಹಿಂದಕ್ಕೇ ಕಟ್ಟಿಬಿಟ್ಟೆ. ಇವಳಿಗೆ ಹೇಳೋಕೆ ನಾಚಿಕೆಯಾಗಿ ಕಳ್ಳ ಬಂದ ಅಂದೆ. ಡೀಸೆಲ್ ಕಮ್ಮಿಯಾಗಿದ್ದು ನೋಡಿ, ನಿಜವಾಗ್ಲೂ ಒಬ್ಬ ಬಂದಿದ್ದಾನೆ ಅಂತ ನಾನೇ ನಂಬಿದೆ!”

“ನಿನ್ನ ಮಂಡಿ ಕಟಕಟ ಅನ್ನೋದು ನನಗೆ ಕೇಳಿಸಲ್ಲ ಅಂದ್ಕೊಂಡಿದ್ಯಾ?” ಎಂದಳು ವರ್ನಾ. “ಮೊದಲು ವೆಂಡೆಲ್‌ಗೆ ತಪ್ಪಾಯ್ತು ಅನ್ನು.”

ಲೈಲ್ ಅಂದ. ವೆಂಡೆಲ್ ಅವನಿಗೊಂದು ಪ್ಯಾನ್‌ಕೇಕ್ ಹಾಕಿದ, ಸೀದದ್ದು.

“ಹಾಗೆ ಎಳೆದದ್ದಕ್ಕೆ ಕಾರಿನ ಮೋಟಾರು ಸುಟ್ಟು ಕರಕಲಾಗಬೇಕಿತ್ತು, ನಿಮ್ಮ ಪುಣ್ಯ, ಸುಟ್ಟ ವಾಸನೆ ಇಲ್ಲ, ಚೆನ್ನಾಗಿದೆ,” ಎಂದಳು ಓಪಲ್. “ತೊಂಬತ್ತೆರಡು ಪರ್ಸೆಂಟಲ್ಲಿ ಸಮುದ್ರದ ದಡದ ಸ್ಯಾನ್ ಡಿಯಾಗೋ ಮುಟ್ಟಬಹುದು. ಮೋಟಾರ್‌ಹೋಮ್ ಇಲ್ಲೇ ಇರಲಿ, ಕಾರಲ್ಲಿ ಹೊರಡಿ.”

ವರ್ನಾ ಕಾರನ್ನು ಒಂದು ಸುತ್ತು ಬಂದು ನೋಡಿ, ತಾನೇ ಸ್ಟೀರಿಂಗ್ ಹಿಡಿದಳು.

ಅಂದು ಸಂಜೆ ಸೂರ್ಯ ಮುಳುಗುವ ಮೊದಲು ಅವಳು ಸಮುದ್ರ ನೋಡಿದಳು.