ಶಿಳ್ಳೆ ಮರೆತ ಗೋಡೆ

ಡ್ಯೂಕ್ ಸತ್ತು ಬಿದ್ದಿದ್ದ. ಕಾಲೆರಡೂ ಮೇಲಕ್ಕೆ, ಕೊಕ್ಕು ಅರ್ಧ ತೆರೆದು. ಪಕ್ಕದ ಪಂಜರದಲ್ಲಿ ಬ್ಯಾರನ್. ಅವನದೂ ಅದೇ ಭಂಗಿ.

"ಜೋಡಿ ಕೊಲೆ," ಎಂದ ಡೆಸ್ ಟ್ರೆಲೋರ್.

ಸೀನಿಯರ್ ಕಾನ್‌ಸ್ಟೇಬಲ್ ಗ್ಲೆನಿಸ್ ಹಾಕಿಂಗ್ ಟೋಪಿ ತೆಗೆದಳು. ಸತ್ತವರು ಬಡ್ಜಿ ಗಿಣಿಗಳೇ ಇರಬಹುದು, ಮರ್ಯಾದೆ ಮರ್ಯಾದೆಯೇ. ಡ್ಯೂಕ್ ಕಳೆದ ವರ್ಷದ ಬಲ್ಲರಾಟ್ ಊರಿನ ಹಕ್ಕಿ ಪ್ರದರ್ಶನದ ಚಾಂಪಿಯನ್ ಬೇರೆ. ಗೋಡೆಯ ಮೇಲೆ ಅವನ ದೊಡ್ಡ ಫೋಟೊ, ಕಟ್ಟು ಹಾಕಿಸಿ, ನೀಲಿ ರಿಬ್ಬನ್ ಸಮೇತ.

"ಯಾವಾಗ ನೋಡಿದ್ರಿ?"

"ನಿನ್ನೆ ಸಂಜೆ ಏಳಕ್ಕೆ. ನಾಳೆ ಪ್ರದರ್ಶನ ಇದೆ ಅಂತ ನಿನ್ನೆ ಮಧ್ಯಾಹ್ನವಷ್ಟೇ ಹಿತ್ತಲ ಶೆಡ್ಡಿಂದ ಒಳಗೆ ತಂದಿದ್ದೆ. ಬೆಚ್ಚಗಿರಲಿ ಅಂತ. ಊಟ ಮುಗೀತು. ಮ್ಯಾನಿ ಎದ್ದು ಹೋದ. ತಿರುಗಿ ನೋಡಿದ್ರೆ ಹೀಗೆ." ಮ್ಯಾನಿ ಎನ್ನುವಾಗ ಡೆಸ್‌ನ ಮುಖ ಹಾಗಲಕಾಯಿ ಕಚ್ಚಿದ ಹಾಗಾಯಿತು. "ಅವನೇ ಮಾಡಿದ್ದು. ಮೂರು ವರ್ಷದಿಂದ ಎರಡನೇ ಬಹುಮಾನ ತಗೊಂಡು ತಗೊಂಡು ಹೊಟ್ಟೆ ಉರಿ. ನಿನ್ನೆ ನವಣೆ ತೆನೆ ತಂದಿದ್ದ, ತನ್ನ ತೋಟದ್ದೇ ಅಂತ. ಅದರಲ್ಲೇ ಏನೋ ಸವರಿದ್ದಾನೆ."

"ಡೆಸ್! ನಲವತ್ತು ವರ್ಷದಿಂದ ಪ್ರತಿ ಶುಕ್ರವಾರ ನಮ್ಮನೇಲಿ ಮೀನು ತಿಂದವನು," ಎಂದಳು ಹೆಂಡತಿ ನೊರೀನ್, ಚಹಾ ಹಿಡಿದು ಬಂದು.

"ಅದಕ್ಕೇ ನೋಡು, ಮೀನಿನ ಬುದ್ಧಿ. ನುಣುಚಿಕೊಂಡ. ಇವತ್ತು ಸಂಜೆ ಐದಕ್ಕೆ ಇಲ್ಲೇ ಹಕ್ಕಿ ಸಾಕೋರ ಸಂಘದ ಸಭೆ ಕರೆಸಿದ್ದೀನಿ. ಅವನ ಹೆಸರು ಹೊಡೆದು ಹಾಕಿಸ್ತೀನಿ. ಆಮೇಲೆ ಗ್ಲೆನಿಸ್, ನಿನ್ನ ಕೇಸು."

ನೊರೀನ್ ಟೀಚರ್ ಮುಖ ಸುಣ್ಣದ ಹಾಗಿತ್ತು. ಮೂರನೇ ತರಗತಿಯಲ್ಲಿ ಗ್ಲೆನಿಸ್ ಇದೇ ಟೀಚರ್ ದನಿಯನ್ನು ಅಣಕಿಸಿ, ಇದೇ ಟೀಚರ್ ಕೈಲಿ ಸಿಕ್ಕಿಬಿದ್ದು, ಒಂದು ವಾರ ಬಾಗಿಲಾಚೆ ನಿಂತಿದ್ದಳು. ಅಣಕಿಸುವ ಚಟ ಬಿಟ್ಟಿರಲಿಲ್ಲ. ಈಗ ಇನ್‌ಸ್ಪೆಕ್ಟರರನ್ನು ಅಣಕಿಸುತ್ತಿದ್ದಳು, ಅಷ್ಟೇ.

"ಟೀಚರ್, ಹುಷಾರಿಲ್ವಾ?"

"ಫ್ಲೂ ಇರಬೇಕು ಕಣೇ. ಮೂರು ವಾರ ಆಯ್ತು, ತಲೆನೋವು. ಬರುತ್ತೆ, ಹೋಗುತ್ತೆ."

ಗ್ಲೆನಿಸ್ ಇಬ್ಬರು ಮೃತರನ್ನೂ ಐಸ್‌ಕ್ರೀಮ್ ಡಬ್ಬಿಯಲ್ಲಿ ಮಲಗಿಸಿ, ಪಶುವೈದ್ಯರಿಗೆ ಕೊಟ್ಟು ಹೊರಟಳು.

* * *

ಮ್ಯಾನಿ ಝಮಿತ್ ತನ್ನ ಹಕ್ಕಿಮನೆಯಲ್ಲಿ ಪಂಜರ ಉಜ್ಜುತ್ತಿದ್ದ. ಮಾಲ್ಟಾದಿಂದ ಬಂದು ಐವತ್ತು ವರ್ಷವಾದರೂ ಕೈ ಸುಮ್ಮನಿಟ್ಟು ಮಾತಾಡಲು ಬಾರದು. ಬ್ರಷ್ ಹಿಡಿದೇ ಕೈ ಬೀಸಿದ. ನೊರೆ ಗ್ಲೆನಿಸ್‌ಳ ಟೋಪಿಗೆ ಹಾರಿತು.

"ವಿಷವಾ? ನಾನಾ? ನನಗೆ ಇಲಿ ಕೊಲ್ಲೋಕೂ ಮನಸ್ಸು ಬರಲ್ಲ ಕಣಮ್ಮ. ಹೆಂಡತಿ ಇದ್ದಾಗ ಅವಳೇ ಕೊಲ್ಲೋಳು."

"ಹಕ್ಕಿಗಳ ಜೊತೆ ನೀವೊಬ್ಬರೇ ಇದ್ರಂತೆ."

"ಹತ್ತು ನಿಮಿಷ. ಡೆಸ್ ಬಿಯರ್ ತರೋಕೆ ಹೋಗಿದ್ದ. ನೊರೀನ್ ಅಡುಗೆಮನೇಲಿ ಮೀನು ಕರೀತಿದ್ಲು. ಒಲೆ ಮೇಲಿನ ಫ್ಯಾನು ಭರ್ರ್ ಅಂತ, ಮಾತೇ ಕೇಳ್ತಿರಲಿಲ್ಲ."

"ತೆನೆ ಯಾರಿಗೆಲ್ಲ ಕೊಟ್ರಿ?"

"ಮೂವರಿಗೂ. ಡ್ಯೂಕ್, ಬ್ಯಾರನ್, ಆಮೇಲೆ ಬಟ್ಟೆ ಒಗೆಯೋ ಕೋಣೇಲಿರೋ ಆ ಮುದುಕ ಬಿಸ್ಕೆಟ್. ದೊಡ್ಡ ತೆನೆ ಬಿಸ್ಕೆಟ್‌ಗೇ."

ಸತ್ತದ್ದು ಇಬ್ಬರೇ, ಬಿಸ್ಕೆಟ್ ಬದುಕಿದೆ. ತೆನೆ ನಿರಪರಾಧಿ. ಗ್ಲೆನಿಸ್ ಮನಸ್ಸಿನಲ್ಲೇ ಒಂದು ಗೆರೆ ಎಳೆದಳು.

"ಊಟ ಆದ ತಕ್ಷಣ ಯಾಕೆ ಓಡಿಬಂದ್ರಿ?"

"ತಲೆ ಸಿಡೀತಿತ್ತು. ಒಂದೇ ಬಿಯರ್‌ಗೆ! ಹೊರಗೆ ನಡೆದೆ, ಎರಡು ಬೀದಿ ದಾಟೋಷ್ಟರಲ್ಲಿ ಸರಿಹೋಯ್ತು." ಮ್ಯಾನಿ ಬ್ರಷ್ ಕೆಳಗಿಟ್ಟ. ದನಿ ಇಳಿಯಿತು. "ಬಹುಮಾನ ಹೋಗಲಿ, ಗ್ಲೆನಿಸ್. ಆದ್ರೆ ಡೆಸ್ ಹಾಗಂತ ನಂಬಿಬಿಟ್ನಲ್ಲ. ಶುಕ್ರವಾರ ಇನ್ನೆಲ್ಲಿಗೆ ಹೋಗಲಿ ನಾನು?"

ಜೇಬಿನಲ್ಲಿ ಫೋನ್ ನಡುಗಿತು. ಪಶುವೈದ್ಯರು.

"ತಿಂದದ್ದಲ್ಲ, ಉಸಿರಾಡಿದ್ದು," ಎಂದರು. "ಪೂರ್ತಿ ವರದಿ ಸೋಮವಾರ. ಅಡುಗೆಮನೆ ನೋಡಿ. ನಾನ್‌ಸ್ಟಿಕ್ ಬಾಣಲೆ ಕಾದು ಹೊಗೆಯಾಡಿದ್ರೆ ಬಡ್ಜಿ ಉಳಿಯಲ್ಲ."

* * *

ಮೂರು ಗಂಟೆ. ಹೊರಗೆ ಎರಡು ಡಿಗ್ರಿ. ಟ್ರೆಲೋರ್ ಮನೆಯೊಳಗೆ ಬೇಸಿಗೆ. ಗ್ಯಾಸ್ ಹೀಟರ್ ಮುಂದಿನ ಕುರ್ಚಿಯಲ್ಲಿ ಡೆಸ್ ಗೊರಕೆ ಹೊಡೆಯುತ್ತಿದ್ದ. ಬಾಗಿಲ ಸಂದಿಗೆ, ಚಳಿಗಾಳಿ ನುಗ್ಗದಂತೆ, ಮರಳು ತುಂಬಿದ ಬಟ್ಟೆಹಾವು ಒರಗಿತ್ತು. ಕಿಟಕಿಯಂಚಿಗೆಲ್ಲ ಟೇಪು.

ಅಡುಗೆಮನೆಯಲ್ಲಿ ಫ್ಯಾನು ಭರ್ರ್ ಅನ್ನುತ್ತಿತ್ತು. ನೊರೀನ್ ಸಭೆಗೆ ಸ್ಕೋನ್ ಬೇಯಿಸುತ್ತಿದ್ದಳು. ಗಂಡ ಯಾರ ಕತ್ತು ಕೊಯ್ಯುವ ಸಭೆಯೇ ಕರೆದಿರಲಿ, ತಿಂಡಿ ಇಲ್ಲದೆ ಆದೀತೇ?

"ಟೀಚರ್, ಮೀನು ಕರಿದ ಬಾಣಲೆ?"

ಅಮ್ಮನ ಕಾಲದ ಕಬ್ಬಿಣದ್ದು. ಮಗಳು ಕೊಟ್ಟ ನಾನ್‌ಸ್ಟಿಕ್ ಬೀರುವಿನಲ್ಲಿ, ಅಂಟಿಸಿದ ಚೀಟಿಯ ಸಮೇತ ಕೂತಿತ್ತು. ಅಂಟದ ಬಾಣಲೆಯ ಮೇಲೆ ಅಪರಾಧವೂ ಅಂಟಲಿಲ್ಲ. ಇನ್ನೊಂದು ಗೆರೆ.

ಅರ್ಧ ಗಂಟೆ ಕಳೆಯಿತು. ಗ್ಲೆನಿಸ್‌ಳ ಹಣೆಗೆ ಯಾರೋ ಬೆಲ್ಟು ಬಿಗಿದಂತಾಯಿತು. ನೀರು ಕುಡಿಯಲು ಒಗೆಯುವ ಕೋಣೆಗೆ ಹೋದಳು. ಅಲ್ಲಿನ ಕಿಟಕಿ ವರ್ಷಗಳಿಂದ ಮುಚ್ಚುತ್ತಿರಲಿಲ್ಲ, ಅದಕ್ಕೇ ಆ ಕೋಣೆಯ ಬಾಗಿಲು ಸದಾ ಮುಚ್ಚಿರುತ್ತಿತ್ತು. ತಣ್ಣನೆ ಗಾಳಿ. ಮೂರು ನಿಮಿಷದಲ್ಲಿ ಬೆಲ್ಟು ಸಡಿಲವಾಯಿತು.

"ಹೂಊಊಊ," ಎಂದಿತು ಯಾರೋ.

ಬಿಸ್ಕೆಟ್. ಹಳದಿ ಮುದುಕ, ಒಂದು ಕಣ್ಣು ಮಂಜು.

"ಹೂಊಊಊ," ಎಂದಳು ಗ್ಲೆನಿಸ್, ಅದೇ ಏರಿಳಿತದಲ್ಲಿ.

ಬಿಸ್ಕೆಟ್ ಕತ್ತು ಓರೆ ಮಾಡಿ ನೋಡಿತು. ಪ್ರತಿಸ್ಪರ್ಧಿ!

"ಅದು ಗೋಡೆಯ ಶಿಳ್ಳೆ ಕಣೇ," ಎಂದಳು ನೊರೀನ್, ಬಾಗಿಲಿಗೆ ಒರಗಿ. "ಹೀಟರ್ ಕೋಣೇಲಿ ಗಾಳಿಕಿಂಡಿ ಇದೆಯಲ್ಲ, ಚಳಿಗಾಲ ಪೂರ್ತಿ ಹೀಗೇ ಊದೋದು. ಒಂಬತ್ತು ವರ್ಷ ಕೇಳಿ ಕಲಿತಿದೆ. ಈ ಸಲ ಗೋಡೆ ಸುಮ್ಮನಾಗಿದೆ, ಬಿಸ್ಕೆಟ್ ಮಾತ್ರ ಬಿಟ್ಟಿಲ್ಲ. ಡೆಸ್‌ಗೆ ಅದೇನು ಸಿಟ್ಟೋ, ಮೂರು ವಾರದ ಹಿಂದೆ ಇಲ್ಲಿಗೆ ಗಡಿಪಾರು ಮಾಡಿದ."

ಮೂರು ವಾರ. ತಲೆನೋವಿಗೂ ಮೂರು ವಾರ.

"ಟೀಚರ್, ಆ ಕಿಂಡಿ ಗೋಡೆಯಲ್ಲಿ ಎಲ್ಲಿದೆ?"

ನೊರೀನ್ ಬಾಯಿ ತೆರೆದಳು. ಹಾಗೇ ಕುಸಿದಳು.

ಗ್ಲೆನಿಸ್ ಹಿಡಿದುಕೊಂಡಳು. ಹಿತ್ತಲ ಬಾಗಿಲು ಒದ್ದಳು. ಅಂಗಳದಲ್ಲಿ ಮ್ಯಾನಿ ನಿಂತಿದ್ದ, ಕೈಯಲ್ಲೊಂದು ಲಕೋಟೆ.

"ರಾಜೀನಾಮೆ ಕೊಟ್ಟು ಹೋಗೋಣ ಅಂತ... ಅಯ್ಯೋ, ನೊರೀನ್!"

"ಕೋಟು ಹೊದಿಸಿ! ಆಂಬುಲೆನ್ಸ್‌ಗೆ ಹೇಳಿ, ಅಗ್ನಿಶಾಮಕಕ್ಕೂ! ಒಳಗೆ ಕಾಲಿಡಬೇಡಿ!"

ಗ್ಲೆನಿಸ್ ಉಸಿರು ಬಿಗಿಹಿಡಿದು ಒಳಗೆ ನುಗ್ಗಿದಳು. ಫ್ಯಾನು ಆರಿಸಿದಳು. ಹೀಟರ್ ಆರಿಸಿದಳು. ಮುಂಬಾಗಿಲು ತೆರೆದಳು. ಬಟ್ಟೆಹಾವು ಕಾಲಿಗೆ ಸಿಕ್ಕಿ ಪಕ್ಕಕ್ಕೆ ಹಾರಿತು. ಡೆಸ್ ಏಳಲಿಲ್ಲ. ನೂರು ಕಿಲೋ ಮನುಷ್ಯ, ಎಳೆದರೆ ಬರುವವನಲ್ಲ.

ಬಾಗಿಲಲ್ಲಿ ಉಸಿರು ತುಂಬಿಕೊಂಡಳು. ನಂತರ ಮೂರನೇ ತರಗತಿಯ ನೊರೀನ್ ಟೀಚರ್ ದನಿ ತೆಗೆದಳು.

"ಡೆಸ್ಮಂಡ್! ಎದ್ದೇಳು! ಹೊರಗೆ ನಡಿ! ಈಗಲೇ!"

ಡೆಸ್ ಕಣ್ಣು ಬಿಡುವ ಮೊದಲೇ ಎದ್ದು ನಿಂತಿದ್ದ. "ಬಂದೆ ನೊರೀನ್," ಎನ್ನುತ್ತಾ ತೂರಾಡಿಕೊಂಡು ಅಂಗಳಕ್ಕೆ ಬಂದ. ನಲವತ್ತಾರು ವರ್ಷದ ಸಂಸಾರ ಕೆಲಸಕ್ಕೆ ಬಂತು.

* * *

ಅಪರಾಧಿಯನ್ನು ಬಯಲು ಮಾಡುವಾಗ ಎಲ್ಲರನ್ನೂ ಬೆಚ್ಚಗಿನ ಹಜಾರದಲ್ಲಿ ಕೂರಿಸುವುದು ಪದ್ಧತಿ. ಗ್ಲೆನಿಸ್ ಎಲ್ಲರನ್ನೂ ಹಿಮ ಕಟ್ಟಿದ ಹುಲ್ಲಿನ ಮೇಲೆ ಕೂರಿಸಿದಳು. ಅಪರಾಧಿ ಒಳಗಿದ್ದ. ಬಾಗಿಲು ತೆರೆದು ಇಷ್ಟು ಹೊತ್ತಾದರೂ ಅಗ್ನಿಶಾಮಕದವರ ವಿಷಗಾಳಿ ಅಳೆಯುವ ಮೀಟರ್ ಹೊಸಿಲಿನಲ್ಲೇ ಕಿರುಚಿತ್ತು.

ಗಂಡಹೆಂಡತಿಯ ಮೂಗಿಗೆ ಆಮ್ಲಜನಕದ ಮುಖವಾಡ. ಡೆಸ್ ನಡುವೆ ಬಾಯಿ ಹಾಕುವಂತಿರಲಿಲ್ಲ. ಗ್ಲೆನಿಸ್‌ಗೆ ಇಂಥ ಸಭೆ ಮತ್ತೆ ಸಿಗಲಾರದು.

"ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ಗಾಳಿಸುದ್ದಿ ನಂಬಿ ಕೇಸು ಹಾಕಬಾರದು ಅಂತಾರೆ, ಆದ್ರೆ ಈ ಕೇಸಿನಲ್ಲಿ ಇರೋದೇ ಗಾಳಿ. ಹೀಟರ್ ಉರಿಯೋಕೆ ಗಾಳಿ ಬೇಕು, ಅದರ ಹೊಗೆ ಕೊಳವೆ ಹತ್ತಿ ಹೋಗೋಕೂ ಬೇಕು. ಅಡುಗೆಮನೆ ಫ್ಯಾನು ಮನೆಯ ಗಾಳೀನ ಹೊರಗೆ ದಬ್ಬುತ್ತೆ. ಹೋದಷ್ಟು ಗಾಳಿ ಎಲ್ಲಿಂದಾದ್ರೂ ಒಳಗೆ ಬರಲೇಬೇಕು. ಕಿಟಕಿಗೆ ಟೇಪು. ಬಾಗಿಲಿಗೆ ಹಾವು. ಕಿಂಡಿ ಬಂದ್. ಉಳಿದದ್ದು ಒಂದೇ ದಾರಿ, ಹೀಟರಿನ ಹೊಗೆಕೊಳವೆ. ಫ್ಯಾನು ಅಲ್ಲಿಂದಲೇ ಎಳೀತು. ಮೇಲೆ ಹೋಗಬೇಕಾದ ವಿಷ ವಾಪಸ್ ಕೋಣೆಗೆ ಇಳೀತು. ಟೀಚರ್ ಅಡುಗೆ ಮಾಡಿದಾಗೆಲ್ಲ ತಲೆನೋವು. ಮ್ಯಾನಿಗೆ ಊಟಕ್ಕೆ ಬಂದಾಗ ತಲೆನೋವು, ರಸ್ತೆಗಿಳಿದರೆ ವಾಸಿ. ನನಗೂ ಹಾಗೇ ಆಯ್ತು. ಹಕ್ಕಿ ಸಣ್ಣ ಜೀವ, ತಡೀಲಿಲ್ಲ."

"ಕಿಂಡಿ ಮುಚ್ಚಿದ್ದು ಯಾರು?" ಎಂದ ಮ್ಯಾನಿ.

"ಒಂಬತ್ತು ವರ್ಷ ಸಹಿಸಿದ ಶಿಳ್ಳೆಗೆ ಒಬ್ಬ ಮನುಷ್ಯ ಇದ್ದಕ್ಕಿದ್ದಂತೆ ಸಿಟ್ಟಾಗ್ತಾನೆ. ಯಾಕೆ? ಶಿಳ್ಳೆ ನಿಲ್ಲಿಸಿದ್ದೀನಿ ಅಂದ್ಕೊಂಡಿದ್ದ. ಮತ್ತೆ ಕೇಳಿಸ್ತು. ಕಿಂಡಿ ಇನ್ನೂ ಸೋರ್ತಿದೆಯಾ ಅಂತ ಎದ್ದೆದ್ದು ನೋಡಿದ. ಕೊನೆಗೆ ಗೊತ್ತಾಯ್ತು, ಊದ್ತಿರೋದು ಬಿಸ್ಕೆಟ್." ಗ್ಲೆನಿಸ್ ಒಳಗಿಂದ ಬಂದ ಅಗ್ನಿಶಾಮಕದವನತ್ತ ಕೈಚಾಚಿದಳು. ಅವನ ಕೈಯಲ್ಲಿ ಡ್ಯೂಕ್‌ನ ಫೋಟೊ, ಮತ್ತು ಒಂದು ತೋಳಿನಷ್ಟು ಮುದುಡಿದ ಹಳೆಯ ಪತ್ರಿಕೆ. "ಕಿಂಡಿ ಒಳಗೆ ಇದು. ಮೇಲೆ ಚಾಂಪಿಯನ್."

ಎಲ್ಲರೂ ಡೆಸ್‌ನನ್ನು ನೋಡಿದರು. ಡೆಸ್ ಮುಖವಾಡ ಕಿತ್ತ.

"ಪ್ರದರ್ಶನದ ಹಕ್ಕಿಗೆ ಚಳಿಗಾಳಿ ಸೋಕಬಾರದು," ಎಂದ. "ಸಾಕೋ ಎಲ್ಲರಿಗೂ ಗೊತ್ತು ಅದು. ಒಳಗೆ ತರೋ ಮುಂಚೇನೇ ಅವರಿಗೋಸ್ಕರ ಮಾಡಿದೆ. ನಾನೇ... ಮ್ಯಾನಿ, ನಿನ್ನನ್ನ ನಾನು..."

"ಮಾಸ್ಕ್ ಹಾಕ್ಕೋ," ಎಂದ ಮ್ಯಾನಿ.

"ನೊರೀನ್ ಸತ್ತೇ ಹೋಗ್ತಿದ್ಲಲ್ಲೋ."

"ಹಾಕ್ಕೋ ಅಂದೆ. ನಿನಗೆ ಬೈಯೋದು ಬಹಳ ಇದೆ. ಅಲ್ಲೀವರೆಗೆ ಬದುಕಿರು." ಮ್ಯಾನಿ ಲಕೋಟೆಯನ್ನು ನಾಲ್ಕು ಚೂರು ಮಾಡಿ ಜೇಬಿಗೆ ತುರುಕಿದ. ಆಮೇಲೆ ತಾನೇ ಬಾಗಿ, ಗೆಳೆಯನ ಮುಖವಾಡದ ಪಟ್ಟಿ ಕಿವಿಯ ಹಿಂದೆ ಸರಿಮಾಡಿದ.

ಐದು ಗಂಟೆಯ ಸಭೆ ನಡೆಯಲಿಲ್ಲ. ಸ್ಕೋನ್ ಅಗ್ನಿಶಾಮಕದವರ ಪಾಲಾಯಿತು.

* * *

ಚಳಿಗಾಲ ಮುಗಿಯುತ್ತಿದ್ದ ಆಗಸ್ಟ್‌ನ ಕೊನೆಯ ಶುಕ್ರವಾರ ಗ್ಲೆನಿಸ್‌ಗೂ ಮೀನೂಟಕ್ಕೆ ಕರೆ ಬಂತು. ಕಿಂಡಿ ತೆರೆದಿತ್ತು. ಗೋಡೆ ಹೂಊಊ ಎಂದು ಊದುತ್ತಿತ್ತು. ಗ್ಯಾಸ್ ಮಿಸ್ತ್ರಿ ಹೀಟರ್ ಬಿಚ್ಚಿ ತೊಳೆದು, ಪರೀಕ್ಷೆ ಮಾಡಿ ಹೋಗಿದ್ದ. ಡ್ಯೂಕ್ ಎದುರು ಗೋಡೆಗೆ ವರ್ಗವಾಗಿದ್ದ. ಹಳೆಯ ಜಾಗದ ಪಕ್ಕ ಒಂದು ಬಿಳಿ ಡಬ್ಬಿ, ವಿಷದ ಗಾಳಿಗೆ ಕೂಗುವ ಅಲಾರಂ. ಅಂಥದೇ ಒಂದನ್ನು ಮ್ಯಾನಿಯೂ ತನ್ನ ಮನೆಗೆ ಹಾಕಿಸಿದ್ದ.

ನೊರೀನ್ ಮೀನು ಬಾಣಲೆಗೆ ಬಿಟ್ಟಳು. ಮೊದಲು ಕಿಟಕಿ ಒಂದು ಗೇಣು ತೆರೆದು, ಆಮೇಲೆ ಫ್ಯಾನು.

"ಪೀಪ್! ಪೀಪ್! ಪೀಪ್! ಪೀಪ್!"

ಡೆಸ್ ಬಿಯರ್ ಚೆಲ್ಲಿಕೊಂಡು ಎದ್ದ. ಹೀಟರ್ ಆರಿಸಿದ, ಬಾಗಿಲು ತೆರೆದ, ಉಳಿದ ಕಿಟಕಿಗಳನ್ನೂ ತೆರೆದ, ನೊರೀನ್‌ಳನ್ನು ಕೈಹಿಡಿದು ಅಂಗಳಕ್ಕೆ ಎಳೆದ. ಅಲಾರಂ ಡಬ್ಬಿ ಹಸಿರು ಕಣ್ಣು ಮಿಟುಕಿಸುತ್ತಾ ಸುಮ್ಮನಿತ್ತು.

ಪಂಜರದಲ್ಲಿ ಬಿಸ್ಕೆಟ್ ಎದೆಯುಬ್ಬಿಸಿತು. "ಪೀಪ್!"

"ಡೆಸ್, ನೀವು ಆಸ್ಪತ್ರೆಯಿಂದ ಬಂದು, ಹೀಟರ್ ರಿಪೇರಿ ಆಗೋವರೆಗೆ ಬಿಸ್ಕೆಟ್ ಯಾರ ಮನೇಲಿತ್ತು?" ಎಂದಳು ಗ್ಲೆನಿಸ್, ಇಬ್ಬರೂ ಒಳಗೆ ಬಂದ ಮೇಲೆ.

ಎಲ್ಲರ ಕಣ್ಣೂ ಮ್ಯಾನಿಯ ಮೇಲೆ. ಮ್ಯಾನಿ ಗಂಭೀರವಾಗಿ ಚೆಲ್ಲಿದ ಬಿಯರ್ ಒರೆಸುತ್ತಿದ್ದ.

"ಹದಿನೈದು ದಿನ," ಎಂದ. "ದಿನಕ್ಕೆ ನಲವತ್ತು ಸಲ ನನ್ನ ಅಲಾರಂನ ಪರೀಕ್ಷೆ ಗುಂಡಿ ಒತ್ತಿ ಕೇಳಿಸಿದೆ. ಬೈಗುಳ ಬಾಕಿ ಇತ್ತಲ್ಲ."

ಡೆಸ್ ಕಿಟಕಿ ಮುಚ್ಚಲು ಕೈಯೆತ್ತಿದ. ಡಬ್ಬಿಯನ್ನು ನೋಡಿದ, ಹಕ್ಕಿಯನ್ನು ನೋಡಿದ. ಕಿಟಕಿಯನ್ನು ಹಾಗೇ ಬಿಟ್ಟು, ಸ್ವೆಟರ್ ತರಲು ಒಳಗೆ ಹೋದ.