ಬೂದುಗಡಲಿಗೆ ಬಿದ್ದ ನೀಲಿ

“ನಾನು ಆ ಚಿತ್ರ ಮುಟ್ಟಿಲ್ಲ ಸರ್. ಮೊದಲು ಹೇಗಿತ್ತೋ ಹಾಗೇ ಇದೆ. ರೇಣುಕಾಪ್ರಸಾದ್ ಸರ್ ನಂಬ್ತಾ ಇಲ್ಲ. ಸಂಜೆ ಪೊಲೀಸರಿಗೆ ದೂರು ಕೊಡ್ತಾರಂತೆ.”

ನರಸಿಂಹರಾಜಪುರದ ಕರಿಬಸವಯ್ಯನವರ ಜಗಲಿಯಲ್ಲಿ ಇಷ್ಟು ಹೇಳುವಷ್ಟರಲ್ಲಿ ಅಂಬಿಕಾ ಎರಡು ಸಲ ಗಡಿಯಾರ ನೋಡಿದಳು. ಮೆಣಸೆಯ ಈ ಹುಡುಗಿ ಕೊಪ್ಪದ ಚಿತ್ರಕಾರ ರೇಣುಕಾಪ್ರಸಾದರ ಬಳಿ ಆರು ವರ್ಷ ಕಲಿತವಳು. ಬರುವ ಸೋಮವಾರ ಶೃಂಗೇರಿಯ ಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿಯಾಗಿ ಸೇರಬೇಕು. ದೂರು ದಾಖಲಾದರೆ ಆ ಬಾಗಿಲು ಮುಚ್ಚಿದಂತೆಯೇ.

ಕೋರ್ಟಿನ ಗುಮಾಸ್ತಿಕೆಯಿಂದ ನಿವೃತ್ತರಾದ ಕರಿಬಸವಯ್ಯನವರು ಊರವರ ಒಗಟುಗಳನ್ನು ಬಿಡಿಸುವುದರಲ್ಲಿ ಹೆಸರಾದವರು. ಅವರು ಕೊಡೆ ಎತ್ತಿಕೊಂಡರೆ ಗೆಳೆಯ ಭೈರಪ್ಪ ಚಪ್ಪಲಿ ಮೆಟ್ಟಿದಂತೆ. ಆದರೆ ಅಂದು ಕೊಪ್ಪದ ಬಸ್ಸಿನಲ್ಲಿ ಭೈರಪ್ಪನಿಗೆ ನೆಮ್ಮದಿಯಿರಲಿಲ್ಲ. ಕಣ್ಣಿನ ಆಪರೇಷನ್ನಿಗೆಂದು ಗುರುಗಳು ಶಿವಮೊಗ್ಗದಲ್ಲಿದ್ದ ಎಂಟು ದಿನ ಚಿತ್ರಶಾಲೆಯ ಬೀಗದ ಕೈ ಇದ್ದದ್ದು ಇವಳೊಬ್ಬಳ ಬಳಿ. ಇವಳು ಸುಳ್ಳು ಹೇಳುತ್ತಿದ್ದರೆ? ಎದುರು ಸೀಟಿನಲ್ಲಿ ಅವಳು ಬ್ಯಾಗಿನ ಜಿಪ್ಪನ್ನು ತೆರೆಯುತ್ತ, ಮುಚ್ಚುತ್ತ ಕುಳಿತಿದ್ದಳು.

ಹಳೆಯ ಪರಿಚಯದ ರೇಣುಕಾಪ್ರಸಾದರು ಚಿತ್ರಶಾಲೆಯ ಬಾಗಿಲಲ್ಲೇ ಭೈರಪ್ಪನನ್ನು ತಡೆದರು. “ಏನು ಮಾರಾಯ, ಪಂಚೆಗೆ ಇಷ್ಟು ನೀಲಿ ಹಾಕೋದಾ? ಕಣ್ಣು ಕುಕ್ಕುತ್ತೆ.”

ಹೆಂಡತಿ ತೀರಿಕೊಂಡ ಮೇಲೆ ತನ್ನ ಬಟ್ಟೆಯನ್ನು ತಾನೇ ಒಗೆದುಕೊಳ್ಳುವ ಭೈರಪ್ಪ ಮುಖ ಗಂಟಿಕ್ಕಿಕೊಂಡ.

ಒಳಗೆ, ನಾಲ್ಕಡಿ ಅಗಲದ ಕ್ಯಾನ್ವಾಸಿನಲ್ಲಿ ಕಡುನೀಲಿಯ ಕಡಲು.

“ಇದು ಮಲ್ಪೆಯ ಆಷಾಢದ ಕಡಲು,” ಎಂದರು ರೇಣುಕಾಪ್ರಸಾದರು. “ನಾನು ನೀಲಿಯನ್ನು ನೀಲಿಯಾಗಿಯೇ ಬಿಡುವವನಲ್ಲ. ಕುಂಚ ತೊಳೆದ ಜಾಡಿಯ ತಳದ ಗಸಿ ಬೆರೆಸಿ ಅದರ ಅಬ್ಬರ ಇಳಿಸ್ತೇನೆ. ದಿನದಿನದ ಉಳಿಕೆ ಬಣ್ಣವೆಲ್ಲ ಕೂಡಿ ಆದ ಬೂದು ಅದು. ಮೂರು ತಿಂಗಳ ಕೆಲಸದ ಮೇಲೆ ಇವಳು ಅಂಗಡಿ ನೀಲಿ ಬಳಿದಿದ್ದಾಳೆ.”

“ನೀವು ಕೊನೆಗೆ ಕುಂಚ ಹಿಡಿದದ್ದು?”

“ಆಪರೇಷನ್ನಿಗೆ ಎರಡು ತಿಂಗಳು ಮೊದಲು. ಆಗ ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ಬಣ್ಣದ ಟ್ಯೂಬುಗಳೂ ಮೋಸ. ನೀಲಿಗೆ ಸತ್ವವೇ ಇಲ್ಲ ಅಂತ ಅಂಗಡಿಯವನ ಹತ್ತಿರ ಜಗಳಾಡಿದ್ದೆ.”

ಕರಿಬಸವಯ್ಯನವರು ಎಲ್ಲಕ್ಕಿಂತ ದಪ್ಪನೆಯ ಅಲೆಯ ಮೇಲೆ ಉಗುರೊತ್ತಿದರು. ಗುರುತು ಮೂಡಲಿಲ್ಲ.

“ಆಪರೇಷನ್ ಯಾವ ಕಣ್ಣಿಗೆ?”

“ಬಲಗಣ್ಣಿಗೆ. ಎಡಗಣ್ಣಿಗೆ ಮುಂದಿನ ತಿಂಗಳು. ಅದು ಮಬ್ಬು, ಇದ್ದೂ ಇಲ್ಲದ ಹಾಗೆ.”

ಕರಿಬಸವಯ್ಯನವರು ಅಡುಗೆಮನೆಯಿಂದ ರೇಣುಕಾಪ್ರಸಾದರ ಅಕ್ಕ ವೀರಮ್ಮನನ್ನೂ ಕರೆಸಿ ಎಲ್ಲರನ್ನೂ ಚಿತ್ರದೆದುರು ಕೂರಿಸಿದರು. ಮೇಜಿನ ಮೇಲೆ ದೂರಿನ ಪತ್ರ ಸಹಿಯಾಗಿ ಮಡಿಸಿಟ್ಟಿತ್ತು. ಅಂಬಿಕಾಳ ನೋಟ ಅದರಿಂದ ಕದಲಲಿಲ್ಲ.

“ನೀಲಿ ಬಳಿದವರು ಈ ಕೋಣೆಯಲ್ಲೇ ಇದ್ದಾರೆ,” ಎಂದರು ಕರಿಬಸವಯ್ಯನವರು. “ಇಷ್ಟು ದಪ್ಪನೆಯ ಎಣ್ಣೆಬಣ್ಣ ಎಂಟು ದಿನಕ್ಕೆ ಹೀಗೆ ಗಟ್ಟಿಯಾಗದು. ಬಳಿದಾಗ ಬೀಗದ ಕೈ ಇವಳ ಬಳಿ ಇರಲೇ ಇಲ್ಲ. ಭೈರಪ್ಪ, ನೀನು ಪಂಚೆಗೆ ನೀಲಿ ಹಾಕ್ತೀಯಾ?”

“ಜನ್ಮದಲ್ಲಿ ಹಾಕಿಲ್ಲ. ನಾಲ್ಕು ಜನರ ಮುಂದೆ ಈ ಮಾತು ಬೇಕಿತ್ತಾ?”

“ಬೇಕಿತ್ತು.”

ವೀರಮ್ಮ ತಲೆಯೆತ್ತಿದರು. “ಆಸ್ಪತ್ರೆಯಿಂದ ಬಂದವನೇ ಇವನು, ಗೋಡೆಗೆ ಯಾವಾಗ ಸುಣ್ಣ ಹೊಡೆಸಿದೆ ಅಂತ ನನ್ನನ್ನೂ ಕೇಳಿದ. ಹೊಡೆಸಿ ಐದು ವರ್ಷ ಆಯ್ತು.”

ಕರಿಬಸವಯ್ಯನವರು ರೇಣುಕಾಪ್ರಸಾದರತ್ತ ತಿರುಗಿದರು. “ಪೊರೆ ಬೆಳೆದ ಕಣ್ಣು ಹಳದಿ ಗಾಜಿದ್ದಂತೆ, ನೀಲಿಯನ್ನು ನುಂಗುತ್ತದೆ. ನಿಮಗೆ ಬೇಕಾದಷ್ಟು ಕಾಣುವವರೆಗೆ ನೀವು ಅದನ್ನು ಸೇರಿಸುತ್ತಲೇ ಹೋದಿರಿ, ಸತ್ವವಿಲ್ಲವೆಂದು ಟ್ಯೂಬನ್ನು ಬೈದಿರಿ. ಪೊರೆ ತೆಗೆದೊಡನೆ ಅಷ್ಟೂ ನೀಲಿ ಎದ್ದು ನಿಂತಿತು, ಬಿಳಿ ಪಂಚೆಯೂ ನೀಲಿಯಾಗಿ ಕಂಡಿತು. ಬಲಗಣ್ಣು ಮುಚ್ಚಿ ನೋಡಿ.”

ರೇಣುಕಾಪ್ರಸಾದರು ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡರು. ಬಹಳ ಹೊತ್ತು ಕೈ ತೆಗೆಯಲಿಲ್ಲ. ಅಲ್ಲಿತ್ತು ಅವರ ಬೂದು ಬಣ್ಣದ ಆಷಾಢದ ಕಡಲು. ಮುಂದಿನ ತಿಂಗಳು ಎಡಗಣ್ಣಿನ ಪೊರೆಯೊಡನೆ ಅದೂ ಹೋಗುವುದೆಂದು ಭೈರಪ್ಪನಿಗೆ ಹೊಳೆದು ಪಂಚೆಯ ಸಿಟ್ಟು ಮರೆತುಹೋಯಿತು.

“ನೀನಾದರೂ ಹೇಳಬಾರದಿತ್ತಾ ಅಂಬಿಕಾ?”

“ಹೇಳಿದ್ದೆ ಸರ್, ಎರಡು ಸಲ. ನಿನಗಿನ್ನೂ ಬಣ್ಣ ತಿಳಿಯೋದಿಲ್ಲ ಅಂದ್ರಿ.”

ಅವರು ದೂರಿನ ಪತ್ರವನ್ನು ನಾಲ್ಕು ಚೂರು ಮಾಡಿದರು. ಗಸಿಯ ಜಾಡಿಯನ್ನು ಅವಳತ್ತ ಸರಿಸಿ, ಕುಂಚವನ್ನು ಎತ್ತಿಕೊಟ್ಟರು.

“ಎಷ್ಟು ಬೆರೆಸಲಿ ಸರ್?”

“ನೀನೇ ನೋಡಿ ಹೇಳು,” ಎಂದರು.